ತೆಗೆಸಿ ಹಾಕಿದ ಹಾಳೆ

ನಿವೃತ್ತಿಗೆ ಮೂರು ವರ್ಷ ಬಾಕಿ ಇದ್ದಾಗ ನಾನು ಮೂಡಲಗಿ ಭಾಗದಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದೆ. ಇಪ್ಪತ್ತೆರಡು ಕೇಂದ್ರಗಳು ನನ್ನ ಪಾಲಿಗಿದ್ದವು. ಹಾಜರಿ, ಆಹಾರ, ತೂಕ ಎಲ್ಲ ನೋಡಿದ ಮೇಲೆ ಮಕ್ಕಳ ಫೈಲ್ ತೆರೆಯುತ್ತಿದ್ದೆ. ಮಗು ಬಿಡಿಸಿದ, ಹರಿದು ಅಂಟಿಸಿದ, ಬೆಂಡೆಕಾಯಿ ಬಣ್ಣದಲ್ಲಿ ಅದ್ದಿ ಅಚ್ಚೊತ್ತಿದ ಹಾಳೆಗಳನ್ನು ತಿಂಗಳವಾರು ಜೋಡಿಸಿಡುವ ಫೈಲ್ ಅದು. ಬೆರಳು ಎಷ್ಟು ಪಳಗಿವೆ, ಕಣ್ಣು-ಕೈ ಎಷ್ಟು ಹೊಂದಿಕೊಂಡಿವೆ ಎಂಬುದೆಲ್ಲ ಆ ಹಾಳೆಗಳಲ್ಲಿ ತಿಳಿಯುತ್ತದೆ ಎಂದು ತರಬೇತಿಗಳಲ್ಲಿ ನಾನೇ ಗಂಟೆಗಟ್ಟಲೆ ಹೇಳುತ್ತಿದ್ದೆ. ಆದರೆ ಫೈಲ್ ಕೈಗೆ ಬಂದಾಗ ನಾನು ನೋಡುತ್ತಿದ್ದುದು ಅಂದಚಂದ ಮಾತ್ರ.

ಕಲ್ಲೋಳಿ ಕಡೆಯ ಒಂದು ಕೇಂದ್ರದ ಫೈಲುಗಳೆಂದರೆ ನನಗೆ ಬಹಳ ಇಷ್ಟ. ಅಲ್ಲಿನ ಕಾರ್ಯಕರ್ತೆ ಶೋಭಾ ಅಚ್ಚುಕಟ್ಟಿನ ಹೆಣ್ಣುಮಗಳು. ಗೋಕಾಕದ ಸಭೆಗೆ ಆ ಫೈಲುಗಳನ್ನು ಒಯ್ದು, "ಹಿಂಗ ಇರಬೇಕು ನೋಡ್ರಿ" ಎಂದು ಉಳಿದವರ ಮುಂದೆ ಹಿಡಿದಿದ್ದೆ. ಅವರ ಹೊಟ್ಟೆ ಉರಿಸುವುದರಲ್ಲಿ ನನಗೆ ಸ್ವಲ್ಪ ಖುಷಿಯೂ ಇತ್ತು.

ಒಂದು ದಿನ ನಾನು ಅಲ್ಲಿಗೆ ಹೋದಾಗ ಶೋಭಾ ಲಸಿಕೆಯ ಕೆಲಸಕ್ಕೆಂದು ಹೊರಗೆ ಹೋಗಿದ್ದಳು. ಸುಮ್ಮನೆ ಕೂರುವ ಬದಲು ನಾನೇ ಮಕ್ಕಳನ್ನು ಸುತ್ತ ಕೂರಿಸಿಕೊಂಡೆ. ಹಾಳೆಗಳ ಮೇಲೆ ಪೆನ್ಸಿಲ್‌ನಿಂದ ಮೀನು ಬರೆದು, ಗೆರೆಗೆ ಅಂಟು ಹಚ್ಚಿ, ಅದರ ಮೇಲೆ ಜೋಳದ ಕಾಳು ಕೂಡಿಸಲು ಹೇಳಿದೆ.

ಕುರಿ ಸಾಕುವ ಮನೆಯ ಮಾಳವ್ವನಿಗೆ ಆಗ ಐದು ವರ್ಷ. ಉಳಿದವರು ಗೆರೆ ನೋಡಿ ಕಾಳು ಇಡುತ್ತಿದ್ದರೆ, ಇವಳು ಹಾಳೆಯನ್ನೇ ನೋಡದೆ ಎಡಗೈ ಬೆರಳಿನಿಂದ ಅಂಟಿನ ಹಸಿ ಹುಡುಕಿ, ಸಿಕ್ಕಲ್ಲಿ ಕಾಳು ಒತ್ತುತ್ತಿದ್ದಳು.

"ಗೆರಿ ಮ್ಯಾಲ ಇಡವ್ವಾ" ಎಂದೆ.

"ಗೆರಿ ಎಲ್ಲೈತ್ರಿ?"

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಹೊರಗೆ ಏನು ಕಾಣುತ್ತದೆ ಎಂದು ಕೇಳಿದರೆ, ಕಾಲುವೆಯಾಚೆ ಮೇಯುತ್ತಿದ್ದ ಹಿಂಡಿನಲ್ಲಿ ತಮ್ಮ ಮನೆಯ ಕರಿ ಟಗರನ್ನು ಬೆರಳು ಮಾಡಿ ತೋರಿಸಿದಳು. ಮೂಗಿನ ಕೆಳಗಿನ ಗೆರೆ ಮಾತ್ರ ಅವಳಿಗೆ ಕಾಣುತ್ತಿರಲಿಲ್ಲ. ಅವಳ ಫೈಲ್ ತೆಗೆಸಿ ನೋಡಿದೆ. ಎರಡು ವರ್ಷದ ಹಾಳೆಗಳಲ್ಲಿ ಒಂದು ಕಾಳೂ ಗೆರೆ ಬಿಟ್ಟು ಕೂತಿರಲಿಲ್ಲ.

ಶೋಭಾ ಬಂದ ಕೂಡಲೇ, ಈ ಹಾಳೆಗಳನ್ನು ಮಾಡಿದ್ದು ಯಾರು ಎಂದು ಸಿಟ್ಟಿನಿಂದ ಕೇಳಿದೆ. ಅವಳು ತಲೆ ತಗ್ಗಿಸಿದಳು.

"ಎರಡು ವರ್ಷದ ಹಿಂದ ನೀವ ಅಂದಿದ್ರಿ ಮೇಡಂ, ಕೋಳಿ ಕೆದರಿದಂಗ ಐತಿ, ಈ ಹಾಳಿ ತಗದ ಹಾಕ್ರಿ ಅಂತ. ಅದು ಮಾಳವ್ವಂದ ಇತ್ರಿ. ಅವತ್ತಿನಿಂದ ನಾನ ಕೈ ಹಿಡದು ಮಾಡಸ್ತೇನ್ರಿ."

ನನಗೆ ಆ ಹಾಳೆ ಚೆನ್ನಾಗಿ ನೆನಪಿತ್ತು. ಕಾಳೆಲ್ಲ ಒಂದೇ ಮೂಲೆಯಲ್ಲಿ ಗುಡ್ಡೆಯಾಗಿತ್ತು. ನಾನು ನಕ್ಕಿದ್ದೆ ಕೂಡ.

ಮರುದಿನವೇ ಮಾಳವ್ವನನ್ನೂ ಅವಳ ತಾಯಿ ಲಗಮವ್ವನನ್ನೂ ಗೋಕಾಕದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಎರಡೂ ಕಣ್ಣಿಗೆ ಹತ್ತಿರದ್ದು ಮಂಜು, ಬಲಗಣ್ಣಿಗೆ ಬಹಳ ಹೆಚ್ಚು. ಬಲಗಣ್ಣಿನದಕ್ಕೆ ಆಂಬ್ಲಿಯೋಪಿಯಾ ಎನ್ನುತ್ತಾರಂತೆ. ಸದಾ ಮಂಜಾಗಿ ಕಾಣುವ ಕಣ್ಣನ್ನು ಮೆದುಳು ಬಳಸುವುದನ್ನೇ ಬಿಡುತ್ತದೆ. ಎಷ್ಟು ಎಳವೆಯಲ್ಲಿ ಚಿಕಿತ್ಸೆ ಸಿಕ್ಕರೆ ಅಷ್ಟು ಒಳ್ಳೆಯದು.

"ಮೂರು ವರ್ಷಕ್ಕ ತಂದಿದ್ರ ಚಲೋ ಇತ್ತು" ಎಂದರು ಡಾಕ್ಟರು. "ಎಡಗಣ್ಣು ಚಷ್ಮಾದಿಂದ ಸುಧಾರಿಸ್ತೈತಿ. ಬಲಗಣ್ಣಿಂದು ಹೇಳಾಕಾಗೂದಿಲ್ಲ."

ಹೊರಗಿನ ಬೆಂಚಿನ ಮೇಲೆ ಲಗಮವ್ವ ಕೇಳಿದಳು: "ಇಷ್ಟ ದಿನಾ ಯಾರಿಗೂ ತಿಳೀಲಿಲ್ಲೇನ್ರಿ ಬಾಯಾರ?"

"ಇಂಥಾದ್ದು ತಿಳಿಯೂದು ಕಷ್ಟವ್ವಾ" ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೊಂದೇ ಸಲ.

ಎಡಗಣ್ಣಿಗೆ ಪಟ್ಟಿ ಕಟ್ಟಿ ಬಲಗಣ್ಣಿಗೆ ಕೆಲಸ ಕೊಡುವ ಚಿಕಿತ್ಸೆ ಒಂದು ವರ್ಷ ನಡೆಯಿತು. ಅದರಿಂದ ಆದದ್ದು ಸ್ವಲ್ಪವೇ. ಉಳಿದ ನೌಕರಿಯಲ್ಲಿ ನಾನು ಸೊಟ್ಟ ಹಾಳೆಗಳನ್ನೇ ಮೊದಲು ಕೇಳಿ ನೋಡಿದೆ. ಮಗುವಿನ ಕೈಗೆ ಬಣ್ಣ, ಮಣ್ಣು, ಕಾಳು ಕೊಡುವುದು ಮಗು ಕಲಿಯಲೆಂದು ಮಾತ್ರವಲ್ಲ, ಮಗುವಿನ ಕೈಲಿ ಏನು ಆಗುತ್ತಿಲ್ಲ ಎಂದು ನಾವು ಕಲಿಯಲೆಂದೂ ಹೌದು. ಇದನ್ನು ನಾನು ಕಲಿತದ್ದು ಒಂದು ಮಗುವಿನ ಕಣ್ಣನ್ನು ಬೆಲೆಯಾಗಿ ತೆತ್ತು.

ಹೋದ ತಿಂಗಳು ಮೂಡಲಗಿ ಸಂತೆಯಲ್ಲಿ ಲಗಮವ್ವ ಸಿಕ್ಕಳು. ಪಕ್ಕದಲ್ಲಿ ದಪ್ಪ ಚಷ್ಮಾದ ಮಾಳವ್ವ, ಈಗ ಎತ್ತರವಾಗಿದ್ದಾಳೆ.

"ನಿನ್ನ ಕಣ್ಣ ಉಳಿಸಿದ ಬಾಯಾರ ಇವರ. ಕಾಲಿಗೆ ಬೀಳವಾ" ಎಂದಳು ತಾಯಿ.

ಹುಡುಗಿ ಚೀಲ ಕೆಳಗಿಟ್ಟು ಬಗ್ಗಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.