ಅಣ್ಣನಿಗೆ ತಿಳಿಯದ ಗಾಯ

ಆ ಗಾಯವನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡದ್ದು ನೊಣಗಳು.

ಕೋಲಾರದ ಚಿನ್ನದ ಗಣಿಯ ಉರಿಗಾಂನಲ್ಲಿ, ಕೆಲಸಗಾರರ ಮನೆಸಾಲಾದ ಗಣಿ ಲೈನಿನಲ್ಲಿ ನಮ್ಮ ಮನೆ. ಅಣ್ಣ ಬಾಗಿಲ ಪಕ್ಕ ನೆಲದ ಮೇಲೆ ಕುಳಿತು ಕೈಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದ. ಬಂಗಾರಪೇಟೆ ಹತ್ತಿರದ ಅಜ್ಜಿಯ ಊರಿನಲ್ಲಿ ಹುಣಸೆಮರದಿಂದ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ಸೊಂಟದಿಂದ ಕೆಳಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಹೊಲಿಗೆ ಕಲಿತ ಮೇಲೆ ಮುಖಕ್ಕೆ ಮತ್ತೆ ಕಳೆ ಬಂದಿತ್ತು. ಬೆಳಗ್ಗೆ ಕೂತರೆ, ಅಪ್ಪ ಗಣಿಯಿಂದ ಬರುವವರೆಗೂ ಕದಲುತ್ತಿರಲಿಲ್ಲ. ಅವನ ಶ್ರದ್ಧೆ ಕಂಡು ನಾವೆಲ್ಲ ಹಿಗ್ಗಿದ್ದೆವು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಅವನ ಕೆಳಗೆ ಹಾಸುತ್ತಿದ್ದ ಹಳೇ ಸೀರೆಯ ಮೇಲೆ ಅಂಗೈಯಗಲ ಒದ್ದೆ ಕಾಣಿಸಿತು. ಉಚ್ಚೆಯಿರಬೇಕೆಂದು ಒಗೆದು ಹಾಕಿದೆ. ಮಾರನೆಯ ದಿನ ಮತ್ತೆ ಒದ್ದೆ, ಈ ಸಲ ಕಂದುಬಣ್ಣ. ನೊಣಗಳು ಮುಖ, ಕೈ ಬಿಟ್ಟು ಅಲ್ಲೇ ಮುತ್ತುತ್ತಿದ್ದವು. ಕೇಳಿದರೆ ಅಣ್ಣ ನಕ್ಕ.

"ನೋವೇ ಇಲ್ಲ ಕಣೆ. ಏನಾರ ಆಗಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು ಬಿಟ್ಟ ತಮಿಳು ಮುದುಕಿಯೊಬ್ಬಳು ಎದುರು ಮನೆಯಲ್ಲಿದ್ದಳು. ಅಮ್ಮ ಅವಳನ್ನು ಕರೆತಂದಳು. ಅಣ್ಣನನ್ನು ಬೋರಲು ಮಲಗಿಸಿ ನೋಡಿದಾಗ, ಕೂರುವ ಎಲುಬಿನ ಮೇಲೆ ಕಡಲೆಕಾಳಿನಷ್ಟು ತೂತು. ಇಷ್ಟೇನಾ ಎಂದು ಅಮ್ಮ ಸಮಾಧಾನದ ಉಸಿರು ಬಿಟ್ಟಳು. ಆಯಾ ಸುತ್ತಲಿನ ಚರ್ಮವನ್ನು ಮೆಲ್ಲಗೆ ಒತ್ತಿದಳು. ಬಂದ ಕೀವು ನಿಲ್ಲಲೇ ಇಲ್ಲ. ಒಳಗೆ ನಿಂಬೆಹಣ್ಣು ಹಿಡಿಸುವಷ್ಟು ಟೊಳ್ಳಾಗಿತ್ತು.

"ನೋವಿಲ್ಲ ಅಂತ ಸುಮ್ಕಿರಬ್ಯಾಡಮ್ಮಾ. ಇವ್ನಿಗೆ ನೋವು ಬರ್ದೇ ಇರೋದೇ ಆಪತ್ತು," ಎಂದಳು.

ಇನ್ನೊಂದು ಪಕ್ಕದ ಕೆಂಪು ಕಲೆಯನ್ನು ನನ್ನ ಬೆರಳಿನಿಂದಲೇ ಒತ್ತಿಸಿದಳು. ಒತ್ತಿ ಬಿಟ್ಟಾಗ ಬಿಳುಪಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ, ಅದರ ಮೇಲೆ ಕೂರುವ ಭಾರವನ್ನು ಕೂಡಲೇ ತೆಗೆದರೆ ಉಳಿಯುತ್ತದೆ. ಬಿಳುಪಾಗದೆ ಹಾಗೇ ನಿಂತರೆ ಒಳಗೆ ಕೆಡಲು ಶುರುವಾಗಿದೆ. ಆ ಕಲೆ ಬಿಳುಪಾಯಿತು.

ಅಣ್ಣ ಐದು ತಿಂಗಳು ಬೋರಲು ಮಲಗಿದ. ಎದೆಗೆ ದಿಂಬು ಕೊಟ್ಟು, ಮೊಣಕಾಲು, ಹಿಮ್ಮಡಿಗಳನ್ನೂ ದಿನಾ ನೋಡುತ್ತಿದ್ದೆವು. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ಒಣ ಬಟ್ಟೆ ಕಟ್ಟುತ್ತಿದ್ದೆವು. ಮಲಗಿಕೊಂಡೇ ಅವನು ರವಿಕೆಗಳಿಗೆ ಕಾಜ ಹೊಲಿದ. ಗಾಯ ಮುಚ್ಚಿತು. ಆಮೇಲೆ ಕೂತಾಗಲೆಲ್ಲ ಎರಡು ಪಕ್ಕ ಇಟ್ಟಿಗೆಯಿಟ್ಟು, ಗಳಿಗೆಗೊಮ್ಮೆ ಅವುಗಳ ಮೇಲೆ ಕೈಯೂರಿ ಮೈ ಎತ್ತಬೇಕೆಂದು ಆಯಾ ಕಟ್ಟುನಿಟ್ಟು ಮಾಡಿದಳು. ಮರೆತರೆ ನಾನು ಗದರುತ್ತಿದ್ದೆ.

ಮುಂದಿನ ವರ್ಷ ಬಂಗಾರಪೇಟೆಯ ಛತ್ರದಲ್ಲಿ ನನ್ನ ಮದುವೆಯಾಯಿತು. ರೈಲಿನ ಮರದ ಸೀಟು, ಆಮೇಲೆ ಛತ್ರದ ಕಲ್ಲುನೆಲ. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಡಿನ ಕಡೆಯವರ ನಡುವೆ, ಮಣೆಯ ಪಕ್ಕದ ಗೋಡೆಗೊರಗಿ ಕೂತಿದ್ದ. ನನ್ನ ಕೈಗೆ ಅರಳು ಸುರಿಯುವಾಗ ಅವನ ಮೈಯಿಂದ ಜ್ವರದ ಬಿಸಿ ಹೊಮ್ಮುತ್ತಿತ್ತು. ಎರಡು ದಿನದಲ್ಲಿ ಒಂದು ಸಲವೂ ಅವನು ಮೈ ಎತ್ತಿದ್ದನ್ನು ನಾನು ನೋಡಲಿಲ್ಲ. ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವನು ಮುಖ ತಿರುಗಿಸಿದ. ಮದುಮಗಳು ಮಣೆಯಿಂದ ಎದ್ದು ಹೋಗಿ ಅಣ್ಣನನ್ನು ಹೊರಳಿಸುವುದು ಹೇಗೆ?

ಆಷಾಢಕ್ಕೆ ತವರಿಗೆ ಬಂದಾಗ ಹೊಸಿಲಲ್ಲೇ ವಾಸನೆ ಬಡಿಯಿತು. ಕನ್ನಡಿ ಹಿಡಿದು ತಾನೇ ನೋಡಿಕೊಳ್ಳುತ್ತಿದ್ದೇನೆಂದು ಅವನು ಅಮ್ಮನನ್ನು ನಂಬಿಸಿದ್ದ. ಹೊರಳಿಸಿದೆ. ಈ ಸಲ ಕಪ್ಪಗಾಗಿತ್ತು, ಎಲುಬು ಕಾಣುತ್ತಿತ್ತು. ಆಸ್ಪತ್ರೆಗೆ ಒಯ್ದೆವು. ವಿಷ ರಕ್ತಕ್ಕೆ ಏರಿದೆ ಎಂದರು ಡಾಕ್ಟರು.

ಛತ್ರದಲ್ಲಿ ಯಾಕೆ ಮೈ ಎತ್ತಲಿಲ್ಲ, ಆಮೇಲೂ ಯಾಕೆ ಹೇಳಲಿಲ್ಲ ಎಂದು ಅವನನ್ನು ಕೇಳಿದೆ.

"ಎರಡು ದಿನ ಎಲ್ಲಾರಂಗೆ ಕೂತಿದ್ದೆ ಕಣೆ," ಎಂದ. "ನಿನ್ನ ಅತ್ತೆ ಮನೇರ ಮುಂದೆ."

ಗೌರಿಹಬ್ಬಕ್ಕೆ ಅವನಿರಲಿಲ್ಲ. ತಾನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಅಮ್ಮ ಕೊನೆವರೆಗೂ ಕೊರಗಿದಳು. ಛತ್ರದಲ್ಲಿ ನಾನು ಕಂಡದ್ದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.