ಡಿಸ್ಕ್ ಅಂಗಡಿಯ ಅಕ್ಕ ಆರಿಸಿಕೊಟ್ಟ ಸಿನಿಮಾಗಳು

ಸಿನಿಮಾ ಡಿಸ್ಕ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಅಕ್ಕನಿಗೆ ಮುಖ ನೋಡಿಯೇ ಹಣೆಬರಹ ಓದುವ ವಿದ್ಯೆಯಿದೆ ಎಂದು ಗೋದಾಮಿನ ಗುಮಾಸ್ತ ನಂಬಿಬಿಟ್ಟಿದ್ದ. ಒಳ್ಳೆಯ ಪ್ರೇಮಕಥೆಯ ಸಿನಿಮಾ ಕೊಡಿ ಎಂದು ಅವನು ಕೇಳಿದಾಗಲೆಲ್ಲ ಆಕೆ ಡಿಸ್ಕಿನ ಧೂಳು ಒರೆಸುತ್ತ, "ಇದನ್ನ ನೋಡಪ್ಪ, ಕೊನೇಲಿ ಇಬ್ರೂ ಸಾಯ್ತಾರೆ, ಚೆನ್ನಾಗಿದೆ" ಎನ್ನುತ್ತಿದ್ದಳು. ಗೋದಾಮಿನಲ್ಲಿ ತನ್ನ ಪಕ್ಕದ ಮೇಜಿನಲ್ಲಿ ಕೂರುವವಳಿಗೆ ಮನಸ್ಸಿನ ಮಾತು ಹೇಳಲು ಹೊರಟಿದ್ದ ಈ ಮಹಾಶೂರ, ಪ್ರತಿ ಸಿನಿಮಾ ಮುಗಿದ ಮೇಲೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಈಗ ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ಹೇಳುವುದೋ ಬಿಡುವುದೋ ತೋಚದೆ, ತಲೆ ಕೆಟ್ಟು, ಅಕ್ಕನನ್ನೇ ಕೇಳಿದ:

"ಅಕ್ಕಾ, ನಿಜ ಹೇಳಿ. ನನ್ನ ಮುಖದಲ್ಲಿ ಅಂಥದ್ದೇನು ಕಾಣ್ಸುತ್ತೆ ನಿಮಗೆ?"

"ನಿನ್ನ ಮುಖ ಯಾರೋ ನೋಡಿದ್ದು? ಅಳಿಸೋ ಸಿನಿಮಾ ಮಾರನೇ ದಿನಾನೇ ವಾಪಸ್ ಬರುತ್ತೆ. ಮದುವೆ ಆಗೋದನ್ನ ಕೊಟ್ರೆ ಜನ ಮನೇಲೇ ಇಟ್ಕೊಂಡ್ಬಿಡ್ತಾರೆ!"