ಅರ್ಜಿಗೆ ಸೇರಿದ ಹೊಸ ಸಾಲು

ಟೈಪ್ ಮಾಡುತ್ತಿದ್ದ ನನ್ನ ಕೈ ಆ ಸಾಲಿಗೆ ಬಂದು ನಿಂತುಬಿಟ್ಟಿತು. ‘ಘಾಟ್ಕೋಪರ್ ಗುಡಿಸಲುಗಳ ಹೆಂಗಸರು ಅಜ್ಞಾನದಿಂದ ಉತ್ತರ ಕೊಡುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬಡವರ ಮಕ್ಕಳಿಗೇ ಕಾಯಿಲೆ ಏಕೆ ಹೆಚ್ಚು ಎಂಬ ಸಂಶೋಧನೆಗೆ ವಿದೇಶದ ಧನಸಹಾಯ ಕೋರಿದ ಅರ್ಜಿ ಅದು. ಬರೆದ ಡಾಕ್ಟರು ಮೈಸೂರಿನವರು. ಸಾಂತಾಕ್ರೂಜ್‌ನ ನಮ್ಮ ಟೈಪಿಂಗ್ ಅಂಗಡಿಯಲ್ಲಿ ನನ್ನೆದುರೇ ಕುಳಿತಿದ್ದರು.

“ಯಾಕಮ್ಮ, ನನ್ನ ಅಕ್ಷರ ತಿಳೀಲಿಲ್ವಾ?”

“ತಿಳೀತ್ರಿ ಸರ್. ನಮ್ಮ ಚಿಗವ್ವ ಅಲ್ಲೇ ಇರ್ತಾಳ್ರಿ. ಅಲ್ಲಿ ಹೆಂಗಸರೆಲ್ಲಾರೂ ವಿಜಾಪುರದ ಕಡೆಯವರು. ಸರ್ವೇ ಮಾಡೋ ನಿಮ್ಮ ಹುಡುಗರು ಬಂದು ಹಿಂದಿಯೊಳಗ ಹೆರಿಗಿ ಬಗ್ಗೆ ಕೇಳಿದ್ರ ಯಾವ ಹೆಣ್ಣಮಗಳು ಬಾಯಿ ಬಿಡ್ತಾಳ್ರಿ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಗುಳ ಖಾತ್ರಿ ಎಂದುಕೊಂಡೆ.

“ಆ ಸಾಲು ತೆಗೆದುಬಿಡಿ. ಕನ್ನಡ ಬಲ್ಲ ಒಬ್ಬ ಮಹಿಳೆಗೆ ತರಬೇತಿ, ಸಂಬಳ ಅಂತ ಸೇರಿಸಿ. ನಿಮ್ಮ ಪೂರ್ತಿ ಹೆಸರೇನು?” ಎಂದರು.

ಆ ಹೊಸ ಸಾಲಿಗೆ ನನ್ನ ಹೆಸರು ಸೇರಿಸುವಾಗ ಗಾಬರಿಯಲ್ಲಿ ಅದರಲ್ಲೇ ಎರಡು ತಪ್ಪು ಹೊಡೆದೆ!

ಹಣ ಮಂಜೂರಾಯಿತು. ತರಬೇತಿ ಮುಗಿಸಿ ಫಾರಂ ಹಿಡಿದು ಮೊದಲ ಗುಡಿಸಲಿಗೆ ಹೋದೆ. “ಬಾರವ್ವ, ಒಳಗ ಕೂಡು” ಎಂದ ಆ ಮನೆಯಾಕೆ ಮಧ್ಯಾಹ್ನದವರೆಗೂ ಮಾತಾಡಿದಳು. ಫಾರಂನಲ್ಲಿ ಜಾಗ ಸಾಲದೆ ಹಿಂಬದಿಯಲ್ಲೂ ಬರೆದುಕೊಂಡೆ.

ಮುಂದೆ ಅದೇ ನನ್ನ ವೃತ್ತಿಯಾಯಿತು. ಯಾರಾದರೂ ಉತ್ತರ ಕೊಡದಿದ್ದರೆ, ನಾನು ಕೇಳಿದ್ದು ಹೇಗೆ ಎಂದು ಇಂದಿಗೂ ಮೊದಲು ನನ್ನನ್ನೇ ವಿಚಾರಿಸಿಕೊಳ್ಳುತ್ತೇನೆ.